ಗಿಟಾರ್ ಮೇಲೆ ಚಿತ್ರ ಬರೆದರೆ ದನಿ ಏನಾಗುತ್ತದೆ?

ಕೈಯಿಂದ ಚಿತ್ರ ಬಿಡಿಸಿದ ಅಕೌಸ್ಟಿಕ್ ಗಿಟಾರ್ ಕಂಡರೆ ನುಡಿಸುವವರಿಗೆ ಮೊದಲು ಬರುವ ಅನುಮಾನ ಒಂದೇ. ಇದು ನಿಜವಾಗಿ ನುಡಿಯುತ್ತದಾ, ಇಲ್ಲ ಸುಮ್ನೆ ಗೋಡೆಗೆ ನೇತುಹಾಕುವುದಕ್ಕಾ? ಅನುಮಾನ ತಪ್ಪೇನಲ್ಲ. ಚಿತ್ರ ಬರೆದು ದನಿ ಕೆಡಿಸಿದ ಗಿಟಾರ್‌ಗಳು ಬೇಕಾದಷ್ಟಿವೆ. ಹಾಗೇ, ಮೈತುಂಬ ಚಿತ್ರವಿದ್ದರೂ ಚೆನ್ನಾಗಿ ನುಡಿಯುವ ಗಿಟಾರ್‌ಗಳೂ ಇವೆ. ಈ ಎರಡರ ನಡುವಿನ ವ್ಯತ್ಯಾಸ ಚಿತ್ರಕಾರರ ಕೈಚಳಕದಲ್ಲಿಲ್ಲ. ಬಣ್ಣ ಗಿಟಾರಿನ ಯಾವ ಭಾಗದ ಮೇಲೆ ಬಿತ್ತು, ಎಷ್ಟು ದಪ್ಪ ಬಿತ್ತು ಎನ್ನುವುದರಲ್ಲಿದೆ. ಇದು ಅರ್ಥವಾಗಬೇಕಾದರೆ ಗಿಟಾರ್ ದನಿ ಮಾಡುವುದು ಹೇಗೆ ಅನ್ನುವುದನ್ನು ಒಮ್ಮೆ ನೋಡಿಬಿಡೋಣ.

ತಂತಿಯೊಂದೇ ಮಾಡುವ ಸದ್ದು ತುಂಬಾ ಸಣ್ಣದು. ಅದು ತೀರಾ ತೆಳ್ಳಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಆ ತಂತಿ ಬ್ರಿಡ್ಜ್ ಅನ್ನು, ಅಂದರೆ ತಂತಿಗಳ ಕೆಳತುದಿ ಕೂತಿರುವ ತುಂಡನ್ನು, ಅಲುಗಿಸುತ್ತದೆ. ಬ್ರಿಡ್ಜ್ ತಾನು ಅಂಟಿಕೊಂಡಿರುವ ಮುಂದಿನ ಹಲಗೆಯನ್ನು ಅಲುಗಿಸುತ್ತದೆ. ನುಡಿಸುವವರು ಟಾಪ್ ಅನ್ನುವುದು ಈ ಹಲಗೆಗೇ. ಅಷ್ಟಗಲದ ಹಲಗೆ ಹಿಂದೆ ಮುಂದೆ ಆಡಿದಾಗ ಗಾಳಿ ತಳ್ಳಲ್ಪಡುತ್ತದೆ, ಆಗ ನಮಗೆ ದನಿ ಕೇಳಿಸುತ್ತದೆ. ಜೊತೆಗೆ ಒಳಗಿನ ಗಾಳಿಯೂ ಟಾಪಿನ ನಡುವಿನ ದುಂಡು ತೂತು, ಅಂದರೆ ಸೌಂಡ್‌ಹೋಲ್ ಮೂಲಕ ಉಸಿರಾಡಿದಂತೆ ಒಳಗೂ ಹೊರಗೂ ಓಡಾಡುತ್ತದೆ. ಸಾಮಾನ್ಯ ಗಿಟಾರಿನಲ್ಲಿ ಆ ಗಾಳಿಯ ಸ್ವಂತ ಕಂಪನ ಸೆಕೆಂಡಿಗೆ 100 ಸಲದ ಆಸುಪಾಸು, ಟಾಪಿನದು 200ರ ಆಸುಪಾಸು ಇರುತ್ತದೆ. ಅತಿ ದಪ್ಪ ತಂತಿಯ ಸ್ವರ 82ರಲ್ಲಿದೆ. ಕೆಳಗಿನ ಸ್ವರಗಳಿಗೆ ಮೈತುಂಬಿದ ದನಿ ಬರುವುದು ಈ ಎರಡು ಕಂಪನಗಳ ಆಸರೆಯಿಂದ.

ಟಾಪ್ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಮರದ್ದು. ದಪ್ಪ ಎರಡೂವರೆಯಿಂದ ಮೂರು ಮಿಲಿಮೀಟರ್, ಅಷ್ಟೇ. ಸ್ಟೀಲ್ ತಂತಿಗಳು ಒಟ್ಟು ಸುಮಾರು 70 ಕೆಜಿಯಷ್ಟು ಬಲದಿಂದ ಅದನ್ನು ಎಳೆಯುತ್ತಿರುತ್ತವೆ. ಅಷ್ಟು ತೆಳು ಹಲಗೆ ಅಷ್ಟು ಎಳೆತ ತಡೆದುಕೊಳ್ಳುವುದು ಒಳಗೆ ಅಂಟಿಸಿರುವ ಬ್ರೇಸ್ ಪಟ್ಟಿಗಳಿಂದ. ಗಿಟಾರ್ ಮಾಡುವವರು ಈ ಪಟ್ಟಿಗಳನ್ನು ಚೂರುಚೂರೇ ಕೆತ್ತಿ, ತಟ್ಟಿ ಕೇಳಿ, ಮತ್ತೆ ಕೆತ್ತಿ ಹದ ಮಾಡುತ್ತಾರೆ. ಕೆಲವೇ ಗ್ರಾಂ ಮರ ತೆಗೆಯುವುದಕ್ಕೆ ಗಂಟೆಗಟ್ಟಲೆ ಕೂರುತ್ತಾರೆ. ಆಮೇಲೆ ಯಾರೋ ಬಂದು ಅದರ ಮೇಲೆ ಬಣ್ಣ ಬಳಿಯುತ್ತಾರೆ. ಎಷ್ಟು ಗ್ರಾಂ ಬಣ್ಣ?

ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಡ್ರೆಡ್‌ನಾಟ್ ಎಂಬ ದೊಡ್ಡ ಮಾದರಿಯ ಗಿಟಾರಿನ ಟಾಪ್ ಸುಮಾರು 1,400 ಚದರ ಸೆಂಟಿಮೀಟರ್ ಇರುತ್ತದೆ. ದಪ್ಪ 2.8 ಮಿಲಿಮೀಟರ್ ಅಂದುಕೊಳ್ಳಿ. ಸ್ಪ್ರೂಸ್ ತುಂಬಾ ಹಗುರ, ಒಂದು ಘನ ಸೆಂಟಿಮೀಟರಿಗೆ ಸುಮಾರು 0.4 ಗ್ರಾಂ. ಅಲ್ಲಿಗೆ ಬ್ರೇಸ್ ಮತ್ತು ಬ್ರಿಡ್ಜ್ ಬಿಟ್ಟು, ಬರೀ ಹಲಗೆಯ ತೂಕ 157 ಗ್ರಾಂ. ಈಗ ಅದರ ಮೇಲೆ ಇಡೀ 0.1 ಮಿಲಿಮೀಟರ್ ದಪ್ಪ ಬಣ್ಣ ಹಚ್ಚಿ. ಒಣಗಿದ ಬಣ್ಣ ನೀರಿಗಿಂತ ಭಾರ. ಘನ ಸೆಂಟಿಮೀಟರಿಗೆ 1.3 ಗ್ರಾಂ ಹಿಡಿದರೆ ಸುಮಾರು 18 ಗ್ರಾಂ ಸೇರಿತು. 0.3 ಮಿಲಿಮೀಟರ್ ಆದರೆ 55 ಗ್ರಾಂ, ಅಂದರೆ ಹಲಗೆಯ ಮೂರನೇ ಒಂದು ಭಾಗ. ಕ್ಯಾನ್ವಾಸ್ ಮೇಲೆ ಕೆಲವರು ಚಾಕುವಿನಲ್ಲಿ ಬಣ್ಣ ಮೆತ್ತುತ್ತಾರಲ್ಲ, ಹಾಗೆ ಒಂದು ಮಿಲಿಮೀಟರ್ ಮೆತ್ತಿದರೆ 180 ಗ್ರಾಂ. ಹಲಗೆಗಿಂತ ಬಣ್ಣವೇ ಭಾರ! ಇಷ್ಟಾದ ಮೇಲೆ ಮೊದಲಿನ ದನಿ ಬರಲಿ ಅಂದರೆ ಎಲ್ಲಿಂದ ಬರಬೇಕು?

ಈ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇದೆ. ಅಂಗಡಿಯಿಂದ ತಂದ ಗಿಟಾರಿನ ಮೇಲೆ ಆಗಲೇ ಒಂದು ಪದರ ಫಿನಿಶ್, ಅಂದರೆ ಮರ ಕಾಯುವ ಲೇಪ, ಇರುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆದರೆ ಸುಮಾರು 0.1 ಮಿಲಿಮೀಟರ್, ಹೊಳಪಿನ ಪಾಲಿಯುರೆಥೇನ್ ಆದರೆ ಅದರ ಎರಡು ಮೂರು ಪಟ್ಟು. ಬಟ್ಟೆಯುಂಡೆಯಲ್ಲಿ ತಿಕ್ಕಿ ಹಚ್ಚುವ ಶೆಲ್ಯಾಕ್, ಅಂದರೆ ಅರಗಿನ ಫ್ರೆಂಚ್ ಪಾಲಿಶ್, ಇವೆಲ್ಲಕ್ಕಿಂತ ತೆಳು. ಒಳ್ಳೆಯ ಕ್ಲಾಸಿಕಲ್ ಗಿಟಾರ್ ಮಾಡುವವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಚಿತ್ರದ ಬಣ್ಣ, ಅದರ ಮೇಲೆ ರಕ್ಷಣೆಗೆ ಹೊಡೆಯುವ ವಾರ್ನಿಷ್, ಎರಡೂ ಈಗಾಗಲೇ ಇರುವ ಪದರದ ಮೇಲೆ ಕೂರುತ್ತವೆ. ಲೆಕ್ಕ ಹಾಕುವಾಗ ಮೂರನ್ನೂ ಸೇರಿಸಿಕೊಳ್ಳಬೇಕು.

ತೂಕ ಹೆಚ್ಚಾದರೆ ಟಾಪಿನ ಸ್ವಂತ ಕಂಪನ ಕೆಳಗಿಳಿಯುತ್ತದೆ, ದನಿಯ ಜೋರು ಕಡಿಮೆಯಾಗುತ್ತದೆ. ಎರಡನೇ ಏಟು ಬಣ್ಣದ ಮೆದುತನದ್ದು. ಸ್ಪ್ರೂಸ್ ಮರವನ್ನು ಬೆರಳಿನಿಂದ ತಟ್ಟಿದರೆ ಟಣ್ ಎಂದು ಸ್ವಲ್ಪ ಹೊತ್ತು ನುಡಿಯುತ್ತದೆ. ಮೆತ್ತಗಿನ ಪ್ಲಾಸ್ಟಿಕ್ ಪದರ ಆ ಕಂಪನವನ್ನು ಬಿಸಿಯಾಗಿ ಬದಲಿಸಿ ನುಂಗಿಬಿಡುತ್ತದೆ. ಡೋಲಿನ ಚರ್ಮದ ಮೇಲೆ ಬಟ್ಟೆ ಹಾಸಿದರೆ ಆಗುವುದೂ ಇದೇ. ಮೊದಲು ಸಾಯುವುದು ಮೇಲಿನ ಸೂಕ್ಷ್ಮ ಸ್ವರಾಂಶಗಳು, ಅಂದರೆ ದನಿಗೆ ಹೊಳಪು ಕೊಡುವ ಭಾಗ. ಮೀಟಿದ ಸ್ವರ ಬೇಗ ಆರಿಹೋಗುತ್ತದೆ. ಆದ್ದರಿಂದ ಗಟ್ಟಿಯಾಗಿ ಒಣಗುವ ತೆಳು ಬಣ್ಣ ಯಾವತ್ತೂ ವಾಸಿ.

ಹಾಗಂತ ಟಾಪ್ ಎಲ್ಲಾ ಕಡೆ ಒಂದೇ ಥರ ಆಡುವುದಿಲ್ಲ. ಜಾಸ್ತಿ ಆಡುವುದು ಕೆಳಗಿನ ಅಗಲವಾದ ಭಾಗ, ಅದರಲ್ಲೂ ಬ್ರಿಡ್ಜ್ ಸುತ್ತಮುತ್ತ. ಸೌಂಡ್‌ಹೋಲ್‌ನಿಂದ ಮೇಲಕ್ಕೆ, ಕುತ್ತಿಗೆಯ ಕಡೆ, ಅಡ್ಡಪಟ್ಟಿಗಳು ದಪ್ಪಗಿರುತ್ತವೆ. ಬೆರಳೊತ್ತುವ ಪಟ್ಟಿಯಾದ ಫ್ರೆಟ್‌ಬೋರ್ಡಿನ ತುದಿಯೂ ಅಲ್ಲೇ ಅಂಟಿರುತ್ತದೆ. ಅಲ್ಲಿ ಹಲಗೆ ಹೆಚ್ಚು ಕಡಿಮೆ ಸುಮ್ಮನಿರುತ್ತದೆ. ಅಂಚಿನ ಒಂದೆರಡು ಬೆರಳಿನಷ್ಟು ಜಾಗವೂ ಪಕ್ಕದ ಪಟ್ಟಿಗೆ ಅಂಟಿರುವುದರಿಂದ ಮೇಲೆ ಕೆಳಗೆ ಆಡುವುದಿಲ್ಲ, ಆದರೆ ಅಲ್ಲಿ ಹಲಗೆ ಬಾಗಬೇಕಾಗುತ್ತದೆ. ಚಿತ್ರಕಾರರಿಗೆ ಇದು ಬಂಗಾರದಂಥ ಮಾಹಿತಿ. ದಟ್ಟ ಬಣ್ಣ, ಹಲವು ಪದರದ ಕೆಲಸ ಎಲ್ಲಾ ಮೇಲಿನ ಭಾಗಕ್ಕೆ ಹೋಗಲಿ. ಬ್ರಿಡ್ಜ್ ಸುತ್ತ ತೆಳು ತೊಳೆಬಣ್ಣ, ಸಣ್ಣ ಗೆರೆ, ಇಲ್ಲವೇ ಮರದ ಎಳೆಯನ್ನೇ ಹಿನ್ನೆಲೆಯಾಗಿ ಬಿಡುವುದು. ಮರ ಕಾಣುವಂತೆ ಬಿಟ್ಟ ಚಿತ್ರಗಳೇ ನನಗೆ ಹೆಚ್ಚು ಇಷ್ಟ. ಸ್ಪ್ರೂಸಿನ ನೇರವಾದ ಸಣ್ಣ ಎಳೆಗಳು ಮಳೆಯಾಗುತ್ತವೆ, ಹುಲ್ಲಾಗುತ್ತವೆ, ನೀರಾಗುತ್ತವೆ. ಅದನ್ನು ಪೂರ್ತಿ ಮುಚ್ಚಿಬಿಟ್ಟರೆ ಮರದ ಮೇಲೆ ಬರೆದದ್ದಕ್ಕೆ ಅರ್ಥವೇ ಇಲ್ಲ.

ಹಿಂದಿನ ಹಲಗೆ ಮತ್ತು ಪಕ್ಕದ ಪಟ್ಟಿಗಳ ಕಥೆ ಬೇರೆ. ಇಲ್ಲಿ ಚಿತ್ರಕಾರರಿಗೆ ಬಹಳ ಸ್ವಾತಂತ್ರ್ಯವಿದೆ. ಸ್ಪೇನಿನ ಅಂತೋನಿಯೋ ದೆ ತೋರೆಸ್ ಇವತ್ತಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟವರು. ಅವರು 1862ರಲ್ಲಿ ಒಂದು ವಿಚಿತ್ರ ಗಿಟಾರ್ ಮಾಡಿದರು. ಟಾಪ್ ಮಾತ್ರ ಒಳ್ಳೆಯ ಮರ, ಹಿಂಬದಿ ಮತ್ತು ಪಕ್ಕಗಳು ಬರೀ ಕಾಗದದ ರಟ್ಟು! ದನಿಯ ಜೀವ ಟಾಪಿನಲ್ಲಿದೆ ಎಂದು ತೋರಿಸಲು ಮಾಡಿದ ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧನೆಯೂ ಇದೇ ದಿಕ್ಕಿನದು. ಆರು ಗಿಟಾರ್‌ಗಳನ್ನು ಆದಷ್ಟೂ ಒಂದೇ ಥರ ಮಾಡಿಸಿ, ಹಿಂಬದಿ ಮತ್ತು ಪಕ್ಕದ ಮರವನ್ನು ಮಾತ್ರ ಬದಲಿಸಿದ್ದರು. 52 ಗಿಟಾರ್ ವಾದಕರು ಯಾವ ಮರ ಎಂದು ಕಾಣದಂತೆ ನುಡಿಸಿ ನೋಡಿದರು. ದುಬಾರಿ ಬ್ರೆಜಿಲ್ ರೋಸ್‌ವುಡ್‌ಗೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮರವನ್ನೇ ಬದಲಿಸಿದರೂ ಅಷ್ಟು ಕಡಿಮೆ ವ್ಯತ್ಯಾಸ ಅಂದಮೇಲೆ, ಹಿಂಬದಿಗೆ ಒಂದು ಪದರ ಬಣ್ಣ ಬಿದ್ದರೆ ಎಷ್ಟು ಬಂದೀತು? ಅದೂ ಅಲ್ಲದೆ ನುಡಿಸುವಾಗ ಹಿಂಬದಿ ಹೊಟ್ಟೆಗೆ ಒತ್ತಿಕೊಂಡೇ ಇರುತ್ತದೆ, ಅಲ್ವಾ?

ತೆಳು ಹಲಗೆಯ ಮೇಲೆ ಚಿತ್ರ ಬರೆದು ದನಿ ಉಳಿಸಿಕೊಳ್ಳಬಹುದು ಎನ್ನುವುದಕ್ಕೆ ಅತ್ಯಂತ ಹಳೆಯ, ಅತ್ಯಂತ ಗಟ್ಟಿ ಸಾಕ್ಷಿ ಗಿಟಾರಿನದಲ್ಲ, ಪಿಯಾನೋಗೂ ಮೊದಲಿನ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡಿನದು. 16 ಮತ್ತು 17ನೇ ಶತಮಾನದಲ್ಲಿ ಆಂಟ್ವರ್ಪ್ ನಗರದ ರುಕರ್ಸ್ ಮನೆತನದವರು ಮಾಡಿದ ಹಾರ್ಪ್ಸಿಕಾರ್ಡ್‌ಗಳ ಸೌಂಡ್‌ಬೋರ್ಡ್, ಅಂದರೆ ನುಡಿಯುವ ಹಲಗೆಯ ಮೇಲೆ ಹೂವು, ಹಕ್ಕಿ, ಹಣ್ಣು, ಹುಳುಹುಪ್ಪಟೆಗಳ ಚಿತ್ರವಿರುತ್ತಿತ್ತು. ಅಂಚಿನಲ್ಲಿ ನೀಲಿ ಬಳ್ಳಿಗಳು. ಆ ಊರಿನಲ್ಲಿ ವಾದ್ಯ ಮಾಡುವವರೂ ಚಿತ್ರಕಾರರೂ ಸೇಂಟ್ ಲ್ಯೂಕ್ ಎಂಬ ಒಂದೇ ಸಂಘಕ್ಕೆ ಸೇರಿದ್ದರು. ಅವರ ಜಾಣತನ ಇರುವುದು ಬಣ್ಣದ ಆಯ್ಕೆಯಲ್ಲಿ. ಮುಚ್ಚಳದ ಮೇಲೆ ಎಣ್ಣೆ ಬಣ್ಣದ ದೊಡ್ಡ ಚಿತ್ರ ಬರೆದರೂ, ನುಡಿಯಬೇಕಾದ ಹಲಗೆಗೆ ಬಳಸಿದ್ದು ನೀರಿನಲ್ಲಿ ಕಲಸಿದ ಗೋಂದಿನ ಬಣ್ಣ, ಅಂದರೆ ಗ್ವಾಶ್. ಅದು ತೆಳುವಾಗಿ ಕೂತು ಗಟ್ಟಿಯಾಗಿ ಒಣಗುತ್ತದೆ. ಹೂಗಳನ್ನು ಬಿಡಿಬಿಡಿಯಾಗಿ ಚೆಲ್ಲಿದಂತೆ ಬರೆದು, ನಡುವೆ ಬರಿಯ ಮರ ಬಿಟ್ಟಿದ್ದಾರೆ. ಅಷ್ಟು ಶತಮಾನ ಕಳೆದ ಮೇಲೂ ಅವುಗಳಲ್ಲಿ ಕೆಲವು ಈಗಲೂ ನುಡಿಯುತ್ತವೆ.

ಅದೇ ಕಾಲದ ಪ್ಯಾರಿಸ್, ವೆನಿಸ್‌ನ ಬರೋಕ್ ಗಿಟಾರ್‌ಗಳಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಹಿಂಬದಿ, ಪಕ್ಕ, ಕುತ್ತಿಗೆಯಲ್ಲೆಲ್ಲ ಕರಿಮರ ಮತ್ತು ದಂತದ ಕುಸುರಿ ತುಂಬಿರುತ್ತದೆ. ಟಾಪಿಗೆ ಬಂದರೆ ಅಲಂಕಾರವೆಲ್ಲ ಅಂಚಿಗೂ ಸೌಂಡ್‌ಹೋಲಿನ ಸುತ್ತಕ್ಕೂ ಸರಿದುಬಿಡುತ್ತದೆ. ನಡುವಿನ ಜಾಗ ಖಾಲಿ. 1960ರಲ್ಲಿ ಬಂದ ಗಿಬ್ಸನ್ ಕಂಪನಿಯ ಹಮ್ಮಿಂಗ್‌ಬರ್ಡ್ ಗಿಟಾರ್ ಕೂಡ ಹಕ್ಕಿಯ ಚಿತ್ರವನ್ನು, ಪಿಕ್ಕಿನ ಗೀರಿನಿಂದ ಟಾಪ್ ಕಾಯುವ ಪಿಕ್‌ಗಾರ್ಡಿನ ಮೇಲೆ ಇಟ್ಟುಕೊಂಡಿತು. ಪಿಕ್‌ಗಾರ್ಡ್ ಹೇಗೂ ಇರಲೇಬೇಕಾದ ತುಂಡು, ಅದರ ಮೇಲೆ ಚಿತ್ರ ಕೂತರೆ ಹೆಚ್ಚು ಹೊರೆಯೇನಿಲ್ಲ.

ಬಣ್ಣ ಹಚ್ಚಿ ಮತ್ತೆ ಕೆರೆದು ತೆಗೆದ ಪ್ರಸಿದ್ಧ ಕಥೆ ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಗಿಬ್ಸನ್ ಜೆ-160ಇ ಗಿಟಾರಿನದು. 1967ರಲ್ಲಿ ಅದರ ಮೈಗೆಲ್ಲ ಸುರುಳಿ ಸುರುಳಿಯಾದ ಗಾಢ ಬಣ್ಣ ಬಿತ್ತು. ಮರುವರ್ಷ ಅದನ್ನು ಪೂರ್ತಿ ತೆಗೆಸಿ ಬರೀ ಮರಕ್ಕೆ ಇಳಿಸಿದರು. 1969ರಲ್ಲಿ ಅದೇ ಬೋಳು ಮರದ ಮೇಲೆ ಲೆನನ್ ತಮ್ಮ ಮತ್ತು ಹೆಂಡತಿ ಯೋಕೋ ಓನೋ ಅವರ ಮುಖಗಳನ್ನು ಬರೀ ಗೆರೆಗಳಲ್ಲಿ ಬರೆದುಕೊಂಡರು. ಅದೇ ಸುಮಾರಿಗೆ ಬೀಟಲ್ಸ್‌ನವರು ತಮ್ಮ ಎಪಿಫೋನ್ ಗಿಟಾರ್‌ಗಳ ಫಿನಿಶ್ ಕೂಡ ಕೆರೆಸಿದ್ದರು. ಆಮೇಲೆ ಅವು ಇನ್ನೂ ಚೆನ್ನಾದವು ಎಂದು ತಂಡದ ಇನ್ನೊಬ್ಬ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಹೇಳಿದ್ದರು. ಜೆ-160ಇ ವಿಷಯದಲ್ಲಿ ದನಿ ಎಷ್ಟು ಬದಲಾಗಿರಬಹುದು ಎನ್ನುವುದರ ಬಗ್ಗೆ ನನಗೆ ಅನುಮಾನವಿದೆ. ಆ ಮಾದರಿಯ ಟಾಪ್ ಪದರ ಮರದ್ದು, ಅಂದರೆ ಪ್ಲೈವುಡ್. ಮೈಕಿನ ಕೂಗು ತಡೆಯಲೆಂದು ಬೇಕಂತಲೇ ಬಿಗಿಯಾಗಿ ಮಾಡಿದ್ದು. ಆದರೆ ಬಣ್ಣದ ದಪ್ಪ ಪದರಕ್ಕಿಂತ ನಾಲ್ಕು ಗೆರೆಯ ಚಿತ್ರ ಗಿಟಾರಿಗೆ ಹೆಚ್ಚು ಒಪ್ಪುತ್ತದೆ ಎನ್ನುವುದನ್ನು ಆ ಗಿಟಾರ್ ತನ್ನ ಮೈಮೇಲೇ ತೋರಿಸಿದೆ.

ಈಗ ಬಣ್ಣಗಳಿಗೆ ಬರೋಣ. ಇವತ್ತು ಹೆಚ್ಚಿನವರು ಬಳಸುವುದು ಅಕ್ರಿಲಿಕ್. ಬೇಗ ಒಣಗುತ್ತದೆ, ವಾಸನೆ ಕಡಿಮೆ, ಬಿರುಕು ಬಿಡುವುದಿಲ್ಲ. ಆದರೆ ಒಣಗಿದ ಮೇಲೂ ಸ್ವಲ್ಪ ರಬ್ಬರಿನಂತೆ ಮೆತ್ತಗೇ ಇರುತ್ತದೆ. ಆದ್ದರಿಂದ ತೆಳ್ಳಗೆ, ಅಕ್ರಿಲಿಕ್ ಇಂಕ್‌ನಂತೆ ಹಚ್ಚಬೇಕು. ಎಣ್ಣೆ ಬಣ್ಣದ ಸೊಬಗೇ ಬೇರೆ, ನಿಜ. ಆದರೆ ಅದು ಒಣಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು. ಅವಸರದಲ್ಲಿ ಮೇಲೆ ಲ್ಯಾಕರ್ ಹೊಡೆದರೆ ಕೆಳಗೆ ಮೆತ್ತಗೆ, ಮೇಲೆ ಗಟ್ಟಿ. ಆಮೇಲೆ ಸುಕ್ಕೂ ಬಿರುಕೂ ಗ್ಯಾರಂಟಿ. ಬಣ್ಣದ ಎಣ್ಣೆ ಬರಿಯ ಸ್ಪ್ರೂಸಿಗೆ ಇಳಿದರಂತೂ ಅದನ್ನು ಮತ್ತೆ ಹೊರಗೆ ತೆಗೆಯಲಾಗದು. ಸ್ಪಿರಿಟ್ಟಿನಲ್ಲಿ ಕರಗುವ ಡೈ, ಇಂಕ್, ಗ್ವಾಶ್ ಇವೆಲ್ಲ ತೂಕದ ಲೆಕ್ಕದಲ್ಲಿ ತುಂಬಾ ಒಳ್ಳೆಯವು. ಆದರೆ ಬರಿಮರದ ಮೇಲೆ ಎಳೆಯಗುಂಟ ಹರಡಿಬಿಡುತ್ತವೆ. ಅದಕ್ಕೇ ಮೊದಲು ಶೆಲ್ಯಾಕಿನ ಒಂದು ತೆಳು ಪದರ ಬೇಕು.

ಶೆಲ್ಯಾಕ್ ಈ ಕೆಲಸದಲ್ಲಿ ನಿಜವಾದ ಆಪದ್ಬಾಂಧವ. ಮೇಣ ತೆಗೆದ ಶೆಲ್ಯಾಕ್ ಹೆಚ್ಚು ಕಡಿಮೆ ಎಲ್ಲದರ ಮೇಲೂ ಅಂಟುತ್ತದೆ, ಅದರ ಮೇಲೂ ಎಲ್ಲವೂ ಅಂಟುತ್ತವೆ. ಮರಕ್ಕೂ ಬಣ್ಣಕ್ಕೂ ನಡುವೆ ಒಂದು ಪದರ. ಚಿತ್ರಕ್ಕೂ ಮೇಲಿನ ಲ್ಯಾಕರಿಗೂ ನಡುವೆ ಇನ್ನೊಂದು. ಈ ಎರಡನೆಯದನ್ನು ಬಿಟ್ಟರೆ ಏನಾಗುತ್ತದೆ ನೋಡಿ. ಲ್ಯಾಕರಿನಲ್ಲಿರುವ ಥಿನ್ನರ್ ಅಕ್ರಿಲಿಕ್ಕನ್ನು ಕರಗಿಸುತ್ತದೆ. ಮಾರ್ಕರ್ ಪೆನ್ನಿನ ಗೆರೆಯನ್ನಂತೂ ಕಣ್ಣೆದುರೇ ಹರಡಿಸುತ್ತದೆ. ವಾರಗಟ್ಟಲೆ ಕೂತು ಬರೆದ ಕಣ್ಣು, ರೆಕ್ಕೆ ಎಲ್ಲ ಒಂದೇ ಸ್ಪ್ರೇಗೆ ಕಲಸಿಹೋಗುತ್ತದೆ. ಯಾವ ಬಣ್ಣ, ಯಾವ ಲ್ಯಾಕರ್ ಎಂದು ನಿರ್ಧರಿಸಿದ ಮೇಲೆ ಮೊದಲು ಒಂದು ಮರದ ಚೂರಿನ ಮೇಲೆ ಅದೇ ಕ್ರಮದಲ್ಲಿ ಹಚ್ಚಿ ನೋಡಿಯೇ ಗಿಟಾರಿಗೆ ಕೈಹಾಕಬೇಕು.

ತಯಾರಿಯ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ತಂತಿ ಬಿಚ್ಚಿ, ಹಳೆಯ ಪಾಲಿಶ್‌ನ ಜಿಡ್ಡು ಒರೆಸಬೇಕು. ಸಿಲಿಕಾನ್ ಇರುವ ಪಾಲಿಶ್ ಹಚ್ಚಿದ್ದರೆ ಹೊಸ ಬಣ್ಣ ಅಲ್ಲಲ್ಲಿ ಗುಂಡಗೆ ಬಿಟ್ಟುಕೊಂಡು ಕಣ್ಣುಕಣ್ಣಾಗುತ್ತದೆ. ಹಳೆಯ ಫಿನಿಶ್ಶಿನ ಹೊಳಪು ಹೋಗುವಷ್ಟು ಮಾತ್ರ 400 ನಂಬರಿನ ನಯವಾದ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿದರೆ ಸಾಕು. ಮರ ಸಿಗುವವರೆಗೆ ತಿಕ್ಕಿದರೆ ಮೂರು ಮಿಲಿಮೀಟರ್ ಹಲಗೆಯಲ್ಲಿ ಎಷ್ಟು ಹೋಯಿತು ಎಂದು ಗೊತ್ತೂ ಆಗುವುದಿಲ್ಲ.

ಕೆಲವು ಜಾಗಗಳಿಗೆ ಬಣ್ಣ ತಾಗಲೇಬಾರದು. ಹೊಸದಾಗಿ ಮಾಡುತ್ತಿರುವ ಗಿಟಾರಾದರೆ ಬ್ರಿಡ್ಜ್ ಅಂಟುವ ಜಾಗ ಬರಿಮರವಾಗಿಯೇ ಉಳಿಯಬೇಕು. ಅಂಟು ಹಿಡಿಯುವುದು ಮರವನ್ನು. ನಡುವೆ ಬಣ್ಣವಿದ್ದರೆ ಆ 70 ಕೆಜಿ ಎಳೆತಕ್ಕೆ ಬ್ರಿಡ್ಜ್ ಒಂದು ದಿನ ಬಣ್ಣದ ಸಮೇತ ಎದ್ದುಬರುತ್ತದೆ. ಬ್ರಿಡ್ಜಿನಲ್ಲಿ ತಂತಿ ಹೊರುವ ಸ್ಯಾಡಲ್ ಕೂರುವ ಕಾಲುವೆ, ಕುತ್ತಿಗೆಯ ತುದಿಯಲ್ಲಿ ತಂತಿ ಹೊರುವ ನಟ್‌ನ ಗೀರುಗಳು, ತಂತಿ ಬಿಗಿಯುವ ಟ್ಯೂನರ್ ತೂತುಗಳು, ಫ್ರೆಟ್‌ಗಳು ಇವೂ ಅಷ್ಟೇ. ಕುತ್ತಿಗೆಯ ಹಿಂಭಾಗವನ್ನು ನಾನು ಈ ಪಟ್ಟಿಯ ಮೊದಲಿಗೇ ಇಡುತ್ತೇನೆ. ಹೆಬ್ಬೆರಳು ಗಂಟೆಗಟ್ಟಲೆ ಜಾರಾಡುವ ಜಾಗ ಅದು. ಬೆವರಿಗೆ ಬಣ್ಣ ಅಂಟಂಟಾಗುತ್ತದೆ, ಆಮೇಲೆ ಚಕ್ಕೆ ಏಳುತ್ತದೆ. ಬ್ರಿಟನ್ನಿನ ರಾಕ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ನುಡಿಸುತ್ತಿದ್ದ, 1967ರಲ್ಲಿ ಬಣ್ಣ ಹಚ್ಚಿದ ಎಲೆಕ್ಟ್ರಿಕ್ ಗಿಬ್ಸನ್ ಎಸ್‌ಜಿಯ ಕುತ್ತಿಗೆಯಲ್ಲೂ ಬಣ್ಣ ಕಿತ್ತುಬಂದು, ಮುಂದೆ ಅದನ್ನು ಕೊಂಡವರು ರಿಪೇರಿ ಮಾಡಿಸಬೇಕಾಯಿತು. ಕುತ್ತಿಗೆಯ ಮೇಲ್ತುದಿಯಾದ ಹೆಡ್‌ಸ್ಟಾಕಿನ ಮುಖದ ಮೇಲೆ ಮಾತ್ರ ಏನು ಬೇಕಾದರೂ ಬರೆಯಿರಿ.

ಚಿತ್ರದ ಹೊಂದಿಕೆಯಲ್ಲಿ ಒಂದು ತೊಡಕಿದೆ. ಕ್ಯಾನ್ವಾಸಿಗೆ ಮೇಲು ಕೆಳಗು ಒಂದೇ. ಗಿಟಾರಿಗೆ ಎರಡೆರಡು. ಗೋಡೆಯಲ್ಲಿ ತೂಗುಹಾಕಿದಾಗ ಅದು ನೆಟ್ಟಗೆ ನಿಂತಿರುತ್ತದೆ. ಬಲಗೈಯಲ್ಲಿ ಮೀಟುವವರು ಎತ್ತಿಕೊಂಡ ಕೂಡಲೇ ಅಡ್ಡ ಮಲಗುತ್ತದೆ, ಎದುರು ಕೂತವರಿಗೆ ಕುತ್ತಿಗೆ ಬಲಗಡೆ ಕಾಣುತ್ತದೆ. ನೆಟ್ಟಗೆ ಬರೆದ ಮರ ಆಗ ಬಲಕ್ಕೆ ಬಿದ್ದ ಮರ. ಮುಖ ಬರೆದಿದ್ದರೆ ಅದು ಮಲಗಿದ ಮುಖ. ಇನ್ನು ನುಡಿಸುವವರು ಮೇಲಿನಿಂದ ಬಗ್ಗಿ ನೋಡುತ್ತಾರೆ. ಅವರಿಗೆ ಸಿಗುವುದು ಓರೆ ನೋಟ. ಗೋಡೆಗಾಗಿ ಬರೆದ ಗಿಟಾರ್ ಯಾವುದು, ನುಡಿಸಲೆಂದೇ ಬರೆದದ್ದು ಯಾವುದು ಎಂದು ಇದರಿಂದಲೇ ಹೇಳಿಬಿಡಬಹುದು. ಒಳ್ಳೆಯ ಚಿತ್ರಕಾರರು ಯಾವ ಕಡೆಯಿಂದ ನೋಡಿದರೂ ಒಪ್ಪುವ ವಸ್ತು ಹುಡುಕುತ್ತಾರೆ. ಬಳ್ಳಿ, ಮೀನು, ಮೋಡ, ಹಾರುವ ಹಕ್ಕಿ ಇಂಥವು. ಸೌಂಡ್‌ಹೋಲಿನ ಕಪ್ಪು ವೃತ್ತವನ್ನು ಬಾವಿಯೋ ಚಂದ್ರನೋ ಕಣ್ಣೋ ಮಾಡಿಕೊಳ್ಳುತ್ತಾರೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬರೆದ ಚಿತ್ರದಲ್ಲಿ ನಟ್ಟನಡುವೆ ತೂತು ಬಿದ್ದಂತೆ ಕಾಣುತ್ತದೆ.

ಸವೆತವೂ ಲೆಕ್ಕದಲ್ಲಿರಬೇಕು. ಬಲ ಮುಂಗೈ ಕೆಳಭಾಗದ ಮೇಲಂಚಿಗೆ ಒರಗುತ್ತದೆ, ಬೆವರು ಅಲ್ಲಿಗೆ. ಪಿಕ್ ಸೌಂಡ್‌ಹೋಲಿನ ಕೆಳಗಡೆ ಕೆರೆಯುತ್ತದೆ. ಬೆಲ್ಟಿನ ಬಕಲ್ ಹಿಂಬದಿಯನ್ನು ಗೀರುತ್ತದೆ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಅವರ ಟ್ರಿಗರ್ ಎಂಬ ಮಾರ್ಟಿನ್ ಎನ್-20 ಗಿಟಾರಿನ ಟಾಪಿನಲ್ಲಿ ಮೀಟಿ ಮೀಟಿ ಎರಡನೇ ತೂತೇ ಬಿದ್ದಿದೆ. ಸುತ್ತ ಗೆಳೆಯರ ಹತ್ತಾರು ಸಹಿಗಳು. ಈ ಸವೆಯುವ ಜಾಗಗಳಲ್ಲಿ ತುಂಬಾ ಸೂಕ್ಷ್ಮವಾದ ಕೆಲಸ ಇಡದಿರುವುದು ಮೇಲು. ಇನ್ನು ಹವೆ. ಮರ ತೇವ ಹೀರಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ದಪ್ಪ, ಗಡುಸು ಪದರಕ್ಕೆ ಅದರ ಜೊತೆ ಹೆಜ್ಜೆ ಹಾಕಲಾಗದೆ ಎಳೆಯಗುಂಟ ಬಿರುಕು ಬಿಡುತ್ತದೆ. ಗಿಟಾರನ್ನು ಶೇಕಡ 45ರಿಂದ 55 ತೇವಾಂಶದಲ್ಲಿಡಿ ಎಂದು ಹೇಳುತ್ತಾರಲ್ಲ, ಚಿತ್ರ ಬರೆದ ಗಿಟಾರಿಗೆ ಅದು ಇನ್ನೂ ಮುಖ್ಯ.

ಯಾವ ಗಿಟಾರಿನ ಮೇಲೆ ಬರೆಯಬಹುದು? ದಪ್ಪ ಬಣ್ಣ, ಉಬ್ಬು ಕೆಲಸ ಮಾಡುವ ಆಸೆಯಿದ್ದರೆ ಪ್ಲೈವುಡ್ ಟಾಪಿನ ಅಗ್ಗದ ಗಿಟಾರ್ ಆರಿಸಿಕೊಳ್ಳಿ. ಅದರ ಟಾಪ್ ಮೊದಲೇ ಬಿಗಿ, ಕಳೆದುಕೊಳ್ಳುವುದು ಕಡಿಮೆ. ಇಡೀ ಮರದ ಟಾಪಿದ್ದರೆ ಚಿತ್ರವನ್ನು ಹಿಂಬದಿಗೂ ಮೇಲಿನ ಭಾಗಕ್ಕೂ ಕೊಡಿ, ಮುಂದೆ ತೆಳು ಗೆರೆ ಸಾಕು. ಹಳೆಯ, ಅಪರೂಪದ ಗಿಟಾರನ್ನು ದಯವಿಟ್ಟು ಮುಟ್ಟಬೇಡಿ. ಮೂಲ ಫಿನಿಶ್ ಹೋದರೆ ಅದರ ಬೆಲೆ ಬಹಳ ಇಳಿಯುತ್ತದೆ, ಮತ್ತೆ ತರಲು ಆಗುವುದಿಲ್ಲ.

ಕೊಳ್ಳುವವರು ಪರೀಕ್ಷಿಸುವುದು ಸುಲಭ. ಬ್ರಿಡ್ಜಿನ ಪಕ್ಕ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಅದೇ ಅಳತೆಯ ಬರಿಮರದ ಗಿಟಾರನ್ನೂ ತಟ್ಟಿ ಹೋಲಿಸಿ. ಒಂದು ತಂತಿ ಮೀಟಿ ಬಿಟ್ಟು, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಸೌಂಡ್‌ಹೋಲಿನ ಅಂಚಿನಲ್ಲಿ ಬಣ್ಣದ ದಪ್ಪ ಕಣ್ಣಿಗೇ ಕಾಣುತ್ತದೆ, ಉಗುರು ಆಡಿಸಿದರೆ ಮೆಟ್ಟಿಲಿನಂತೆ ತಡೆದರೆ ಪದರ ದಪ್ಪಗಿದೆ ಎಂದರ್ಥ. ಬರೆಯುವವರಿಗೆ ಒಂದು ಕೋರಿಕೆ. ಯಾವ ಬಣ್ಣ, ನಡುವಿನ ಪದರಕ್ಕೆ ಯಾವ ಸೀಲರ್, ಯಾವ ಲ್ಯಾಕರ್, ಯಾವ ಕ್ರಮದಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದು ಸೌಂಡ್‌ಹೋಲಿನ ಒಳಗೆ ಹಿಂಬದಿ ಹಲಗೆಗೆ ಅಂಟಿಸಿಬಿಡಿ. ಮುಂದೆ ಎಂದೋ ಬಿರುಕು ಮುಚ್ಚಲೆಂದು ಈ ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿಕೊಳ್ಳುವ ರಿಪೇರಿಯವರು, ಸ್ಪಿರಿಟ್ ಬಟ್ಟೆ ಕೈಗೆತ್ತಿಕೊಳ್ಳುವ ಮೊದಲು ಆ ಚೀಟಿ ಓದುತ್ತಾರೆ.